ಗೃಹಪ್ರವೇಶಕ್ಕೆ ಹೋದ ಕೆಂದಿ

“ಮುಟ್ಟಬೇಡ ಕಣೇ ನನ್ನ ಕೆಂದೀನ! ನಿನ್ನ ಸಾವಯವ ಹುಲ್ಲೇ ಅದನ್ನ ತಿಂದ್ಹಾಕ್ತು!”

ಕೆಂಗೇರಿಯ ಆ ಹಳೆಯ ಮನೆಯ ಕೊಟ್ಟಿಗೆಯಲ್ಲಿ ಅಂಜನಮ್ಮ ಸತ್ತ ಹಸುವಿನ ಕೊರಳು ತಬ್ಬಿಕೊಂಡು ಗೋಳಾಡುತ್ತಿದ್ದರು. ತಬ್ಬಲಿ ಕರುವಾಗಿದ್ದಾಗ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ ಜೀವ ಅದು! ಆಚೆ ಮೂಲೆಯಲ್ಲಿ ಕೆಂದಿಯ ಕರುವನ್ನು ಕಟ್ಟಿತ್ತು; ಸೊಸೆ ಶಶಿಕಲಾ ಗೋಡೆಗೊರಗಿ ನಿಂತಿದ್ದಳು. ಮಕ್ಕಳಿಲ್ಲದ ಅವಳಿಗೆ ಈ ಕೊಟ್ಟಿಗೆಯೇ ಮಡಿಲು. ಗೊಬ್ಬರದಂಗಡಿಯ ಪುಡಿ ಸೋಕಿಸದೆ, ಹಿತ್ತಲಲ್ಲಿ ತಾನೇ ಹುಲ್ಲು ಬೆಳೆದು ಮೇಯಿಸಿದವಳು ಅವಳು.

ಮೊನ್ನೆ ನಾಗರಬಾವಿಯಲ್ಲಿ ನಾದಿನಿ ಕೀರ್ತನಾಳ ಗೃಹಪ್ರವೇಶ. ಹೊಸ ಮನೆಯ ಹೊಸ್ತಿಲನ್ನು ಮೊದಲು ಹಸು ದಾಟಬೇಕಲ್ಲ! ಬಾಡಿಗೆ ಹಸು ಯಾಕೆ, ತವರಿನ ಕೆಂದಿಯೇ ಹೋಗಲಿ ಎಂದು ಅಂಜನಮ್ಮ ಹಠ ಹಿಡಿದರು.

“ಅತ್ತೆ, ಅನ್ನ, ಬೆಲ್ಲ ತಿನ್ನಿಸ್ಬೇಡಿ. ಅದು ಹುಲ್ಲಿಗೆ ಒಗ್ಗಿದ ಹೊಟ್ಟೆ” ಎಂದು ಶಶಿಕಲಾ ಬೇಡಿಕೊಂಡಿದ್ದಳು.

“ಗೋಮಾತೆಗೆ ಪ್ರಸಾದ ಬೇಡ ಅನ್ನೋ ಡಾಕ್ಟ್ರಮ್ಮ ಬಂದ್ಲು ನೋಡ್ರಪ್ಪಾ!”

ಅಲ್ಲಿ ಬಂದವರೆಲ್ಲ ಬಾಳೆಹಣ್ಣು, ಬೆಲ್ಲ ಕೊಟ್ಟರು. ಊಟವಾದ ಮೇಲೆ ಉಳಿದ ಅನ್ನ, ಪಾಯಸವನ್ನು ಬಕೆಟ್ಟಿನಲ್ಲಿ ಕಲಸಿ ಅಂಜನಮ್ಮನೇ ತುತ್ತು ತುತ್ತಾಗಿ ತಿನ್ನಿಸಿದರು. ಸಂಜೆಗೇ ಕೆಂದಿಯ ಮೆಲುಕು ನಿಂತಿತು. ಮರುದಿನ ಹೊಟ್ಟೆ ಉಬ್ಬಿ ಮಲಗಿದ್ದು, ಮತ್ತೆ ಏಳಲಿಲ್ಲ...

ಪಶುವೈದ್ಯ ಗೌತಮ್ ಗೇಟಿನ ಬಳಿ ಶಶಿಕಲಾಗೂ ಅವಳ ಗಂಡ ಮಹದೇವನಿಗೂ ಮಾತ್ರ ಹೇಳಿ ಹೋಗಿದ್ದರು: “ಅನ್ನ, ಬೆಲ್ಲ ಹೊಟ್ಟೇಲಿ ಹುಳಿಯಾಗಿ ವಿಷ ಆಗಿದೆಯಮ್ಮ.”

ಹೆಂಡತಿಗೆ ಬೀಳುತ್ತಿದ್ದ ಬೈಗುಳ ಮಹದೇವನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಅದು ಹುಲ್ಲಿಂದಲ್ಲ, ನೀನು...”

ಶಶಿಕಲಾ ಅವನ ತೋಳು ಹಿಡಿದೆಳೆದು ಪಿಸುಗುಟ್ಟಿದಳು. “ಬೇಡಾರೀ... ತನ್ನ ಕೈತುತ್ತೇ ಕೊಂದಿದ್ದು ಅಂತ ಗೊತ್ತಾದ್ರೆ ಈ ಜೀವಾನೂ ಉಳಿಯಲ್ಲ.”

“ಏನೋ ಅದು ಗುಸುಗುಸು?”

“ಏನಿಲ್ಲ ಅತ್ತೆ... ಎಳೇ ಹುಲ್ಲು ಜಾಸ್ತಿ ಹಾಕ್ಬಿಟ್ಟೆ. ತಪ್ಪು ನಂದೇ.”

“ಒಪ್ಕೊಂಡ್ಯಾ! ಇನ್ಮೇಲೆ ಕೊಟ್ಟಿಗೆಗೆ ಕಾಲಿಟ್ಟೀಯ, ಜೋಕೆ! ಇದರ ಕರೂನ ನಾನೇ ನೋಡ್ಕೋತೀನಿ.”

ಶಶಿಕಲಾ ಅತ್ತೆಯ ಕಾಲು ಹಿಡಿದಳು. “ಆಗ್ಲಿ ಅತ್ತೆ, ಅದರ ಎದುರಿಗೂ ಬರಲ್ಲ. ಅನ್ನ ಮಾತ್ರ ಹಾಕ್ಬೇಡಿ... ಹುಲ್ಲೊಂದೇ...”

“ಇನ್ನೂ ಹುಲ್ಲು ಅಂತೀಯಲ್ಲೇ ಪಾಪಿ!”

“ಮೇವು ನಾನು ಹಾಕ್ತೀನಮ್ಮ” ಎಂದ ಮಹದೇವ.

ಶಶಿಕಲಾ ಎದ್ದು ಹೊರಗೆ ನಡೆದಳು. ಅವಳ ಹೆಜ್ಜೆಯ ಸಪ್ಪಳ ಕೇಳಿ ಕರು ಹಗ್ಗ ಜಗ್ಗುತ್ತಾ ‘ಅಂಬಾ’ ಎಂದಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳೇ ಹೊರತು, ತಿರುಗಿ ನೋಡಲಿಲ್ಲ.