ಕಬ್ಬಿಣದ ಹಲ್ಲುಗಳು

ನಡುಹಗಲಿಗೆ ಫಾಬಿಯಾನ್ ಗುಡ್ಡದಡಿಯ ವಸತಿಗೃಹದ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಬಿದ್ದ. "ರೆಜಾನನ್ನ ಕೊಂದುಬಿಟ್ಟ! ಓವಿಡ್ ಕೊಂದುಬಿಟ್ಟ!"

ಬಟಾಣಿ ಸೂಪ್ ಕಲಕುತ್ತಿದ್ದ ಕೊಲೊಂಬಳ ಕೈ ನಿಂತಿತು. ಓವಿಡ್ ಅವಳ ತಮ್ಮ. ಬೆಳಗ್ಗೆ ಮೂವರೂ ಬೂಟಿಗೆ ಅಗಲವಾದ ಹಿಮಪಾದುಕೆ ಕಟ್ಟಿಕೊಂಡು ಗುಡ್ಡ ಹತ್ತಲು ಹೊರಟಾಗ, ಅವನಿಗೂ ರೆಜಾನನಿಗೂ ಜೋರು ಜಗಳವಾಗಿದ್ದು ನಿಜ; ಯಾಕೆಂದು ಮಾತ್ರ ಅವಳಿಗೆ ಕೇಳಿಸಿರಲಿಲ್ಲ. ಬೆಂಕಿಯ ಬಳಿ ಕೂತಿದ್ದ ರೆಜಾನನ ಅಪ್ಪ, ಫಾಬಿಯಾನನ ಮಾವ ಓರ್ಮಿಡಾಸ್ ಎದ್ದು ಬಂದ.

"ಏನಾದ್ರೂ ಕುಡಿಯೋಕೆ ಕೊಡಿ," ಎಂದು ಫಾಬಿಯಾನ್ ಏದುಸಿರು ಬಿಟ್ಟ. "ಬೆಳಗ್ಗೆಯಿಂದ ಒಂದು ಗುಟುಕೂ ಇಳಿದಿಲ್ಲ."

ಕೊಲೊಂಬ್ ಅವನ ಫ್ಲಾಸ್ಕ್ ಎತ್ತಿಕೊಂಡಳು. ತಾನೇ ಟೀ ತುಂಬಿ ಕಳಿಸಿದ್ದಳು. ಈಗ ಹನಿಯೂ ಇರಲಿಲ್ಲ.

ವಸತಿಗೃಹದ ಒಡತಿ ಓಡೀಲ್ ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವಳು. ಕೊಲೊಂಬಳನ್ನು ಕರೆದುಕೊಂಡು ಅರ್ಧ ಗಂಟೆಯಲ್ಲಿ ಗುಡ್ಡ ಹತ್ತಿದಳು. ಓವಿಡ್ ಹೆಣದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೈಯೆಲ್ಲ ರಕ್ತ. ರೆಜಾನನ ಹಣೆ ಒಡೆದಿತ್ತು. ಕೆನ್ನೆಯಲ್ಲಿ ಎರಡು ಸಾಲು ತೂತು.

"ನಾನು ಮುಂದೆ ಹೋಗಿದ್ದೆ ಅಕ್ಕ. ಕಿರುಚಿದ್ದು ಕೇಳಿ ಓಡಿಬಂದೆ."

ಹೆಣವನ್ನು ಅಲ್ಲೇ ಬಿಟ್ಟು ಓವಿಡ್‌ನೊಂದಿಗೆ ವಾಪಸಾದ ಮೇಲೆ ಓಡೀಲ್ ಎಲ್ಲರನ್ನೂ ಬೆಂಕಿಯ ಸುತ್ತ ಕೂರಿಸಿ, ಜಗಲಿಯಿಂದ ಓವಿಡ್, ಫಾಬಿಯಾನ್ ಇಬ್ಬರ ಹಿಮಪಾದುಕೆಗಳನ್ನೂ ತಂದಳು.

"ಹಿಮದಲ್ಲಿ ಜಾರದಿರಲಿ ಅಂತ ಇದರ ಅಡಿಯಲ್ಲಿ ಕಬ್ಬಿಣದ ಹಲ್ಲುಗಳಿವೆ. ಎರಡು ಸಾಲು. ಕೆನ್ನೆಯ ತೂತಿಗೆ ಸರಿಹೊಂದುತ್ತೆ. ಹೊಡೆದದ್ದು ಹಿಮಪಾದುಕೆಯಿಂದಲೇ. ಯಾರದ್ದು?"

ಓವಿಡ್‌ನ ಜೋಡಿಯನ್ನು ನೆಲಕ್ಕೆ ಕುಟ್ಟಿದಳು. ಹಿಮ ಉದುರಿ ಬರಿಯ ಕಬ್ಬಿಣ ಕಾಣಿಸಿತು. ಫಾಬಿಯಾನನ ಎಡಗಾಲಿನದೂ ಹಾಗೆಯೇ. ಬಲಗಾಲಿನದರಲ್ಲಿ ಮಾತ್ರ, ಉದುರಿದ ಹಿಮದಡಿ ಕಂದು ಮಂಜುಗಡ್ಡೆ ಹಲ್ಲುಗಳನ್ನು ಕಚ್ಚಿ ಹಿಡಿದಿತ್ತು.

"ಕುಡಿಯದೆ ಇದ್ದವನ ಫ್ಲಾಸ್ಕ್ ಹೇಗಪ್ಪ ಖಾಲಿಯಾಯ್ತು?" ಓಡೀಲ್ ಫಾಬಿಯಾನನತ್ತ ತಿರುಗಿದಳು. " ರಕ್ತ ತೊಳೆಯೋಕೆ ಬಿಸಿ ಟೀ ಸುರಿದೆ. ಆದರೆ ಆ ಚಳಿಗೆ ಅದು ಅಲ್ಲೇ ಗಡ್ಡೆ ಕಟ್ಟಿತು. ಒಳಗೆ ನೋಡು, ರೆಜಾನನ ಕೆಂಚು ಕೂದಲು."

"ಯಾಕೋ?" ಎಂದ ಓರ್ಮಿಡಾಸ್.

ಉತ್ತರ ಕೊಟ್ಟವನು ಓವಿಡ್. "ಹೋದ ಚಳಿಗಾಲದಲ್ಲಿ ಹಿಮ ಕುಸಿದು ನಿಮ್ಮ ಮಗಳು ಹೂತುಹೋದಾಗ, ಅವಳ ಗಂಡ ಅನ್ನಿಸಿಕೊಂಡ ಇವನು ಅಗೆಯಲೇ ಇಲ್ಲ, ಓಡಿಹೋದ. ನಾನು ಕಣ್ಣಾರೆ ಕಂಡೆ. ಇವತ್ತು ರೆಜಾನನಿಗೆ ಹೇಳಿದೆ. ಒಂದು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ದೆ ಅಂತ ನನ್ನ ಮೇಲೆ ಹರಿಹಾಯ್ದ. ಆಮೇಲೆ ಗುಡ್ಡದಲ್ಲಿ ಇವನನ್ನೇ ಕೇಳೋಕೆ ಹಿಂದೆ ಉಳಿದ."

ಫಾಬಿಯಾನ್ ಒಲೆಯ ಕಬ್ಬಿಣದ ಸಲಾಕೆ ಕಿತ್ತುಕೊಂಡು ಓವಿಡ್‌ನ ಮೇಲೆ ಎರಗಿದ. ಮೊದಲ ಏಟಿಗೆ ಭುಜದ ಮೂಳೆ ಲಟಕ್ಕೆಂದಿತು. ಎರಡನೆಯದು ಬೀಳುವ ಮುಂಚೆ ಕೊಲೊಂಬ್ ಕುದಿಯುತ್ತಿದ್ದ ಸೂಪನ್ನು ಅವನ ಮುಖಕ್ಕೆ ಎರಚಿದಳು. ಊಳಿಡುತ್ತ ಬಿದ್ದವನ ಬೆನ್ನ ಮೇಲೆ ಮೊಣಕಾಲೂರಿ ಓಡೀಲ್ ಕೈ ಕಟ್ಟಿದಳು.

ಓವಿಡ್ ಮುರಿದ ಭುಜ ಹಿಡಿದುಕೊಂಡೇ ಬಾಗಿಲತ್ತ ನಡೆದ. "ರೆಜಾನ್ ಒಬ್ಬನೇ ಇದ್ದಾನೆ ಅಲ್ಲಿ." ಒಂದೇ ಕೈಯಲ್ಲಿ ಹಿಮಪಾದುಕೆ ಕಟ್ಟಿಕೊಳ್ಳಲಾಗಲಿಲ್ಲ.

ಓರ್ಮಿಡಾಸ್ ಎದ್ದು ಬಂದ. ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ಬಡಿಯುತ್ತಾನೇನೋ ಎಂದು ಕೊಲೊಂಬ್ ತಮ್ಮನಿಗೆ ಅಡ್ಡ ಬಂದಳು. ಮುದುಕ ಮಂಡಿಯೂರಿ ಓವಿಡ್‌ನ ಹಿಮಪಾದುಕೆಯ ಪಟ್ಟಿ ಬಿಗಿದ.

"ನಡಿ," ಎಂದ. "ಕತ್ತಲಾಗೋಕೆ ಮುಂಚೆ ಕರ್ಕೊಂಡು ಬರೋಣ."