ಅರ್ಜಿಯಲ್ಲಿ ಇಲ್ಲದ ಕಾಲಂ

“ನಿಮ್ಮ ಬರಿ ಯಾವುದು?”

ಯಶ್ಮಿತಾಳ ಬೆರಳು ಕಡತದ ಮೇಲೆಯೇ ನಿಂತಿತು.

ಪಿಎಚ್.ಡಿ. ಅರ್ಜಿಗೆ ಅಂದೇ ಕೊನೆಯ ದಿನ. ರಸಾಯನಶಾಸ್ತ್ರದಲ್ಲಿ ಖಾಲಿ ಇದ್ದದ್ದು ಒಂದೇ ಸ್ಥಾನ. ಹದಿನಾಲ್ಕು ದಾಖಲೆಗಳನ್ನು ಕ್ರಮಸಂಖ್ಯೆ ಹಾಕಿ ಜೋಡಿಸಿಕೊಂಡು, ಶಕ್ತಿನಗರದಿಂದ ಎರಡು ಬಸ್ಸು ಬದಲಿಸಿ ಅವಳು ಬಂದಿದ್ದಳು. ವಿಶ್ವವಿದ್ಯಾನಿಲಯದ ಕೌಂಟರಿನಲ್ಲಿ ಕುಳಿತ ತಾತ್ಕಾಲಿಕ ಸಹಾಯಕ ಕೌಶಲ್ ಎಲ್ಲವನ್ನೂ ಪರಿಶೀಲಿಸಿ, ಕೊನೆಗೆ ಕೇಳಿದ್ದು ತಾಯಿಯಿಂದ ಬರುವ ಕುಲದ ಹೆಸರನ್ನು!

“ಅರ್ಜಿಯಲ್ಲಿ ಆ ಕಾಲಂ ಉಂಟಾ?”

“ಇಲ್ಲ... ಹಾಗೇ ಕೇಳಿದ್ದು.”

“ಎಂತ, ಇಲ್ಲಿ ಬರಿ ನೋಡಿ ಸೀಟು ಕೊಡುವುದಾ?”

ಅವನ ಮುಖ ಕೆಂಪೇರಿತು. ಅವಳು ಸ್ವೀಕೃತಿ ಚೀಟಿಯನ್ನು ಕಿತ್ತುಕೊಂಡು ಹೊರಟೇಬಿಟ್ಟಳು.

‘ಎಷ್ಟು ಸೌಮ್ಯವಾದ ಕಣ್ಣುಗಳು... ಪ್ರಶ್ನೆ ಮಾತ್ರ ಎಷ್ಟು ಸಣ್ಣತನದ್ದು!’

ಹತ್ತು ದಿನಗಳ ನಂತರ ಸಂದರ್ಶನದ ಪಟ್ಟಿ ಪ್ರಕಟವಾಯಿತು. ಅವಳ ಹೆಸರು ತಿರಸ್ಕೃತರ ಸಾಲಿನಲ್ಲಿತ್ತು. ಕಾರಣ: ‘ಸಂಬಂಧಪಟ್ಟ ವಿಷಯವಲ್ಲ.’

‘ಉತ್ತರ ಕೊಡದಿದ್ದಕ್ಕೆ ಸೇಡು!’

“ಹೋಗಲಿ ಬಿಡು ಮಗಾ, ಯಾವುದಾದರೂ ಶಾಲೆಯಲ್ಲಿ ಕೆಲಸ ಸಿಗ್ತದೆ,” ಎಂದರು ಅಮ್ಮ ಸುಂದರಿ.

“ಬಿಡುವುದಿಲ್ಲ ಅಮ್ಮ. ತಪ್ಪು ನನ್ನದಲ್ಲ.”

ಮರುದಿನ ಬೆಳಿಗ್ಗೆ ಅದೇ ಕೌಂಟರಿನಲ್ಲಿ ಎರಡು ಪುಟಗಳನ್ನಿಟ್ಟಳು. ಮೊದಲನೆಯದು ಆಕ್ಷೇಪಣೆ: ಅಧಿಸೂಚನೆಯ ಎರಡನೇ ಅನುಬಂಧದ ಒಂಬತ್ತನೇ ಸಾಲಿನ ಪ್ರಕಾರ ತನ್ನ ‘ಅನ್ವಯಿಕ ರಸಾಯನಶಾಸ್ತ್ರ’ ಪದವಿಯು ರಸಾಯನಶಾಸ್ತ್ರಕ್ಕೆ ಸಮಾನ. ಎರಡನೆಯದು ಬರಿ ಕೇಳಿದ ಸಹಾಯಕನ ವಿರುದ್ಧ ದೂರು.

ಕೌಶಲ್ ಎರಡನ್ನೂ ಓದಿದ. ಎರಡಕ್ಕೂ ಮೊಹರು ಒತ್ತಿ ಸಂಖ್ಯೆ ಬರೆದ.

“ಅದು ನಿಮ್ಮ ಮೇಲಿನ ದೂರು!”

“ಗೊತ್ತುಂಟು. ಕೇಳಿದ್ದು ಹೌದಲ್ಲ... ಆದರೆ ಪಟ್ಟಿ ಮಾಡುವುದು ಸಮಿತಿಯವರು ಮೇಡಂ, ನಾನಲ್ಲ. ಮೊದಲ ಪುಟಕ್ಕೆ ಅನುಬಂಧದ ಪ್ರತಿ ಇಡಿ, ಇಲ್ಲದಿದ್ದರೆ ವಾಪಸ್ ಕಳಿಸ್ತಾರೆ.”

“ಇಟ್ಟಿದ್ದೇನೆ. ತಿರುಗಿಸಿ ನೋಡಿ.”

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ.

“ಮತ್ತೆ ಯಾಕೆ ಕೇಳಿದಿರಿ?”

“ಒಂದೇ ಬರಿಯಾದರೆ ಅಣ್ಣ-ತಂಗಿಯ ಲೆಕ್ಕ ಅಲ್ವಾ...” ಅವನ ಧ್ವನಿ ತಗ್ಗಿತು. “ನೀವು ನನಗೆ ತಂಗಿ ಆಗಬಾರದು ಅಂತ ಆಸೆಯಾಯ್ತು.”

“ಬೇಗ ಮಾರಾಯ್ರೆ! ನಮ್ಮದೂ ಅರ್ಜಿ ಉಂಟು!” ಸಾಲಿನ ಹಿಂದಿನಿಂದ ಯಾರೋ ಕೂಗಿದರು.

ಅವಳ ಕೈ ದೂರಿನ ಪುಟದತ್ತ ಹೋಯಿತು. ಆದರೂ ಎರಡನೇ ಪುಟವನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವಾರದೊಳಗೆ ಪಟ್ಟಿ ತಿದ್ದಲ್ಪಟ್ಟಿತು. ಸಂದರ್ಶನದಲ್ಲಿ ನಲವತ್ತು ನಿಮಿಷ ಪ್ರಶ್ನೆಗಳು... ಒಂದಕ್ಕೂ ತಲೆ ತಗ್ಗಿಸಲಿಲ್ಲ. ಆ ಒಂದು ಸ್ಥಾನ ಅವಳದಾಯಿತು! ಕೌಶಲ್‌ಗೆ ಸಿಕ್ಕಿದ್ದು ಎಚ್ಚರಿಕೆಯ ಪತ್ರ.

ಪ್ರವೇಶ ಪಡೆದ ದಿನ, ಕಚೇರಿ ಮುಗಿಸಿ ಹೊರಬಂದ ಅವನಿಗೆ ಮೆಟ್ಟಿಲ ಬಳಿ ಅವಳೇ ಎದುರಾದಳು.

“ದೂರು ವಾಪಸ್ ತೆಗೆಯುವುದಿಲ್ಲ. ಕೌಂಟರಿನಲ್ಲಿ ಕೇಳಿದ್ದು ತಪ್ಪೇ.”

“ತಪ್ಪೇ,” ಎಂದ ಅವನು.

“ಬರಿ ಯಾವುದೆಂದು ಈಗಲೂ ಹೇಳುವುದಿಲ್ಲ. ಒಂದೇ ಆಗಿದ್ದರೂ ನಾನು ನಿಮ್ಮ ತಂಗಿಯಲ್ಲ!”

ಕೌಶಲ್ ಒಂದು ಮೆಟ್ಟಿಲು ಕೆಳಗಿಳಿದ. “ಮನೆಯವರು ಒಪ್ಪದಿದ್ದರೆ...?”

“ಅವರಿಗೂ ಆಕ್ಷೇಪಣೆ ಸಲ್ಲಿಸ್ತೇನೆ. ಆದರೆ ಮದುವೆಯ ಮಾತು ಮಹಾಪ್ರಬಂಧ ಮುಗಿದ ಮೇಲೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು.”

“ಆರಾ...! ಕಾಯ್ತೇನೆ ಮೇಡಂ.”

ಅವಳ ತುಟಿಯಂಚಿನಲ್ಲಿ ಮೊದಲ ಬಾರಿಗೆ ನಗು ಮೂಡಿತು.

“ಯಶ್ಮಿತಾ ಅನ್ನಿ. ಆರು ವರ್ಷ ಮೇಡಂ ಅಂತ ಕರೆಸಿಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ!”