ಚೀಲದೊಳಗಿನ ಹಟ್ಟಿ

"ನಿಮ್ಮನೇಲಿ ಎಷ್ಟು ಜನ, ಚಿತ್ತಕ್ಕ?"

ಗಂಗಾಧರಯ್ಯ ಮೇಷ್ಟ್ರು ಮೂರನೇ ಸಲ ಕೇಳಿದರು. ಐದನೇ ಕ್ಲಾಸಿನ ಚಿತ್ತಕ್ಕ ತುಟಿ ಬಿಗಿದುಕೊಂಡು ನಿಂತಿದ್ದಳು.

ಗೊತ್ತಿಲ್ಲ ಅಂತಲ್ಲ. ಹದಿನಾರರ ಮಗ್ಗಿ ಹೇಳುವ ಹುಡುಗಿಗೆ ಮನೆಯ ಆರು ಜನರ ಲೆಕ್ಕ ಬಾರದೇ? ಆದರೆ ಅವಳದು ಕುರಿ ಕಾಯುವವರ ಹಟ್ಟಿ. ಅಲ್ಲಿ ಕುರಿಯನ್ನಾಗಲಿ ಮಕ್ಕಳನ್ನಾಗಲಿ ಎಣಿಸಿ ಬಾಯಲ್ಲಿ ಹೇಳುವ ಹಾಗಿಲ್ಲ. ಹೇಳಿದರೆ ದೃಷ್ಟಿ ತಾಗಿ ಒಂದು ಕಡಿಮೆಯಾಗುತ್ತದೆ ಅನ್ನುತ್ತಾರೆ ದೊಡ್ಡವರು.

"ಇದಕ್ಕೇ ಹಿಂಗಾಗಿದ್ದು," ಅಂದರು ಮೇಷ್ಟ್ರು. "ಇನ್ನೂರೈವತ್ತು ಜನ ಇದ್ರೆ ಒಂದು ಬೋರ್‌ವೆಲ್‌ಗೆ ಸರ್ಕಾರ ದುಡ್ಡು ಕೊಡುತ್ತೆ. ಸರ್ವೆಯವರು ಬಂದಾಗ ನಿಮ್ಮ ಹಟ್ಟಿಯವರು ಅರ್ಧಂಬರ್ಧ ಹೇಳಿ ಬರೆಸಿದ್ದು ಬರೀ ನೂರ ಎಂಬತ್ತು. ನಾಳೆ ಮಧುಗಿರಿ ತಾಲ್ಲೂಕು ಆಫೀಸಿಗೆ ಲಿಸ್ಟ್ ಕಳಿಸ್ಬೇಕು. ಸರಿಯಾದ ಲೆಕ್ಕ ಸಿಗದಿದ್ರೆ ಬೋರು ಬೇರೆ ಊರಿಗೆ ಹೋಗುತ್ತೆ."

ಬೋರ್ ಅಂದ ಕೂಡಲೇ ಚಿತ್ತಕ್ಕನ ಮನಸ್ಸು ಎಲ್ಲಿಗೋ ಹೊರಟುಹೋಯಿತು. ಮಿಡಿಗೇಶಿಯಲ್ಲಿ ಅವಳು ಬೋರ್ ನೋಡಿದ್ದಳು. ಹಿಡಿ ಒತ್ತಿದರೆ ನೆಲದೊಳಗಿಂದ ತಣ್ಣಗೆ, ತಿಳಿಯಾಗಿ ನೀರು ಬರುತ್ತಿತ್ತು. ಬಂಡೆಯ ಕೆಳಗೆ ಒಂದು ಕೆರೆ ಮಲಗಿರಬೇಕು. ಅದರಲ್ಲಿ ಮೀನು ಇರುತ್ತವಾ? ಬೆಳಗಾಯಿತು ಅಂತ ಅವಕ್ಕೆ ಯಾರು ಹೇಳುತ್ತಾರೆ? ತಮ್ಮ ಹಟ್ಟಿಯ ಕೆಳಗೂ ಅಂಥ ಕೆರೆ ಇದ್ದು, ಮೇಲೆ ಓಡಾಡುವವರ ಹೆಜ್ಜೆ ಕೇಳಿಸಿಕೊಳ್ಳುತ್ತಿರಬಹುದಾ?

ಬೆಲ್ ಹೊಡೆದಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಹಟ್ಟಿಯವರು ಕುಡಿಯುವುದು ಮಳೆನೀರು ನಿಲ್ಲುವ ಕಟ್ಟೆಯ ನೀರು. ಕುರಿಗೂ ಅದೇ, ಜನಕ್ಕೂ ಅದೇ. ಬೇಸಿಗೆಯಲ್ಲಂತೂ ಬರೀ ಬಗ್ಗಡ.

"ಅಜ್ಜಿ, ಲೆಕ್ಕ ಹೇಳಿದ್ರೆ ಬೋರ್ ಹಾಕ್ತಾರಂತೆ," ಅಂದಳು ಮನೆಗೆ ಬಂದವಳೇ.

ಅಜ್ಜಿ ಕರಿಯಕ್ಕ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಹಾಕ್ದಿದ್ರೆ ಬುಡ್ಲಿ. ಎಣ್ಸಿ ಹೇಳೋ ಬಾಯಿ ನಂದಲ್ಲ ಕಣಮ್ಮ."

ಚಿತ್ತಕ್ಕನಿಗೆ ಅಳುವೇ ಬಂತು. ಪಕ್ಕದಲ್ಲಿ ಬೀಜದ ರಾಶಿ ಫಳಫಳ ಹೊಳೆಯುತ್ತಿತ್ತು. ಅದನ್ನೇ ನೋಡುತ್ತಾ ನೋಡುತ್ತಾ ಅವಳು ಸ್ಕೂಲ್ ಚೀಲ ಖಾಲಿ ಮಾಡಿದಳು.

"ಬಾಯಲ್ಲಿ ಹೇಳ್ಬ್ಯಾಡಿ ಅಜ್ಜಿ. ಮನೇಲಿರೋ ಒಬ್ಬೊಬ್ರನ್ನೂ ನೆನೆಸ್ಕೊಂಡು ಒಂದೊಂದು ಬೀಜ ಇದ್ರೊಳಕ್ಕೆ ಹಾಕಿದ್ರೆ?"

ಅಜ್ಜಿ ಅವಳನ್ನೇ ದಿಟ್ಟಿಸಿದಳು. "ಕಿಲಾಡಿ ಕಣೇ ನೀನು. ಮೊದ್ಲು ಊರೋರ ಹತ್ರ ಹೋಗು. ನಂದು ಆಮ್ಯಾಕೆ."

ಚಿತ್ತಕ್ಕ ಮನೆಮನೆ ತಿರುಗಿದಳು. ಬೀಜ ಹಾಕುವುದಕ್ಕೆ ಯಾರೂ ಬೇಡ ಅನ್ನಲಿಲ್ಲ.

"ಕುರಿ ಹಿಂದೆ ಹೋಗಿರೋರ್ಗೂ ಹಾಕ್ಲೇನೇ?" ಅಂತ ಭೀಮಕ್ಕ ಕೇಳಿದಳು.

"ಅವ್ರೇನು ನೀರು ಕುಡಿಯಲ್ವಾ?"

ಮುದುಕ ಓಬಳಪ್ಪ ಹುಳುಕು ಬೀಜವೊಂದನ್ನು ಆರಿಸಿ, "ಇದು ನಾನು, ಜ್ವಾಪಾನ," ಅಂದ.

ಹೊತ್ತು ಇಳಿಯುತ್ತಿತ್ತು. ಚೀಲ ಹೆಗಲಲ್ಲಿ ಸರಸರ ಅನ್ನುತ್ತಿತ್ತು. ಇಡೀ ಹಟ್ಟಿಯೇ ಒಳಗೆ ಕೂತು ಪಿಸುಗುಟ್ಟುತ್ತಿದೆ ಅನ್ನಿಸಿತು ಚಿತ್ತಕ್ಕನಿಗೆ. ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಅಲ್ಲಿ ಮೈಗೆ ಮೈ ತಾಗಿಸಿಕೊಂಡು ಮಲಗಿದ್ದರು. ಅವಳು ಮೆಲ್ಲಗೆ ನಡೆದಳು, ಯಾರಿಗೂ ಎಚ್ಚರವಾಗದ ಹಾಗೆ.

ಕೊನೆಗೆ ಅಜ್ಜಿ. ಒಂದೊಂದೇ ಬೀಜ ಬಿತ್ತು. ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ಅಕ್ಕ, ತಾನು. ಆಮೇಲೆ ಇನ್ನೊಂದು.

"ಒಂದು ಜಾಸ್ತಿ ಆಯ್ತಜ್ಜಿ."

"ಆಗಿಲ್ಲ ಬುಡು."

ಆ ಬೀಜ ಯಾರದ್ದು ಅಂತ ಚಿತ್ತಕ್ಕನಿಗೆ ಹೊಳೆಯಿತು. ಹೋದ ವರ್ಷದ ಬೇಸಿಗೆಯಲ್ಲಿ ಅವಳ ಪುಟ್ಟ ತಮ್ಮ ಜುಂಜ ವಾಂತಿಭೇದಿಯಾಗಿ ತೀರಿಹೋಗಿದ್ದ.

"ರೇಷನ್ ಕಾರ್ಡಿನೋರು ಬಂದಾಗ ಏಳು ಅಂತ ಬಾಯ್ಬುಟ್ಟೆ," ಅಂದಳು ಅಜ್ಜಿ. "ಆ ತಿಂಗ್ಳೇ ಹೋದ ಮಗ. ನನ್ ಬಾಯೇ ತಾಗ್ತು."

ಆಸ್ಪತ್ರೆಯ ಡಾಕ್ಟರು ಆವತ್ತು ಹೇಳಿದ್ದು ಬೇರೆ. ಕಟ್ಟೆ ನೀರಿನಿಂದ ಹೀಗಾಗಿದೆ ಅಂದಿದ್ದರು. ಅದನ್ನು ಹೇಳಬೇಕು ಅಂತ ಚಿತ್ತಕ್ಕ ಬಾಯಿ ತೆರೆದಳು. ಹೇಳದೆ ಚೀಲದ ಬಾಯಿ ಮುಚ್ಚಿದಳು.

ಮಾರನೇ ದಿನ ಸ್ಕೂಲಿನ ಬಾಗಿಲಲ್ಲಿ ಅವಳು ಚೀಲಕ್ಕೆ ಕೈ ಹಾಕಿ ಜುಂಜನ ಲೆಕ್ಕಕ್ಕೆ ಒಂದು ಬೀಜ ತೆಗೆದು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸುಳ್ಳು ಲೆಕ್ಕ ಕೊಡಬಾರದು.

ಮೇಷ್ಟ್ರು ಬೀಜಗಳನ್ನು ನೆಲಕ್ಕೆ ಸುರಿದು, ಹತ್ತತ್ತರ ಗುಂಪು ಮಾಡಿ ಎಣಿಸಿದರು. ಇನ್ನೂರ ಅರವತ್ತಮೂರು.

"ಸಾಕು. ಇವತ್ತೇ ಬರೆದು ಕಳಿಸ್ತೀನಿ," ಅಂದರು. ಅವರ ಮುಖ ಅರಳಿತ್ತು.

ಸಂಜೆ ಅಜ್ಜಿ ಬಾಗಿಲಲ್ಲೇ ಕಾದಿದ್ದಳು. ಬೋರ್ ಬರುತ್ತದಾ ಅಂತ ಕೇಳಲಿಲ್ಲ.

"ನಮ್ಮನೇವು ಎಲ್ಲಾ ಕೊಟ್ಯಾ? ಯಾರ್ನೂ ಬುಡ್ಲಿಲ್ಲ ತಾನೇ?"

ಸೊಂಟದಲ್ಲಿ ಬೀಜ ಒತ್ತುತ್ತಿತ್ತು. ಚಿತ್ತಕ್ಕ ಅಜ್ಜಿಯ ಮುಖ ನೋಡಿದಳು.

"ನಾವು ಏಳು ಜನ, ಅಜ್ಜಿ," ಅಂದಳು. ಬಾಯಿಬಿಟ್ಟೇ ಹೇಳಿದಳು.

ಅಜ್ಜಿ ಬಯ್ಯಲಿಲ್ಲ. ತುಂಬ ಹೊತ್ತು ಅವಳ ತಲೆ ಸವರುತ್ತಾ ನಿಂತಳು. ಆಮೇಲೆ, "ಬಿಂದಿಗೆ ತಗಂಬಾ, ಕಟ್ಟೆಗೆ ಹೋಗ್ಬರಾನ," ಅಂದಳು.